ಎತ್ತಿದ ಗುಣವೇ ಕೆಡವಿತು

ಮುದಿ ಕುರಿಗಾಹಿಯ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದಿದ್ದಾರೆ. ಎದುರಿಗೆ ಥೀಬ್ಸ್ ನಗರದ ದೊರೆ ಈಡಿಪಸ್ ನಿಂತಿದ್ದಾನೆ. ಎಷ್ಟೋ ವರ್ಷಗಳ ಹಿಂದೆ ಬೆಟ್ಟದ ಮೇಲೆ ಒಂದು ಹಸುಗೂಸನ್ನು ಇನ್ನೊಬ್ಬ ಕುರಿಗಾಹಿಯ ಕೈಗೆ ಕೊಟ್ಟೆಯಲ್ಲ, ಅದು ಯಾರ ಮಗು ಎಂಬುದೊಂದೇ ದೊರೆಯ ಪ್ರಶ್ನೆ. ಮುದುಕನಿಗೆ ಉತ್ತರ ಗೊತ್ತು. ಗೊತ್ತಿರುವುದರಿಂದಲೇ ಅವನು ಬಾಯಿ ಬಿಡಲೊಲ್ಲ. ದಯವಿಟ್ಟು ಇನ್ನು ಕೇಳಬೇಡಿ ಎಂದು ಅಂಗಲಾಚುತ್ತಾನೆ. ಇದಕ್ಕೂ ತುಸು ಮುಂಚೆ ರಾಣಿ ಯೊಕಾಸ್ಟ ಅದೇ ಮಾತು ಬೇಡಿಕೊಂಡು, ಫಲ ಕಾಣದೆ ಒಳಗೆ ಓಡಿಹೋಗಿದ್ದಾಳೆ. ಈಗ ಬರಲಿರುವ ಮಾತು ಭಯಂಕರವಾದದ್ದು ಎಂದು ಈಡಿಪಸ್‌ಗೂ ಅರಿವಾಗಿದೆ. ಆದರೂ ಅವನು ಕೇಳಿಯೇ ತೀರುತ್ತಾನೆ. ಕೇಳಿದ ಮೇಲೆ ಅವನಿಗೆ ರಾಜ್ಯವಿಲ್ಲ, ಹೆಂಡತಿಯಿಲ್ಲ, ಕಣ್ಣಿಲ್ಲ.

ಸಾಫೊಕ್ಲೀಸ್ ಬರೆದ ಈ ನಾಟಕಕ್ಕೆ ಸುಮಾರು 2,450 ವರ್ಷ ವಯಸ್ಸು. ಈ ದೃಶ್ಯವನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಇಲ್ಲಿ ಈಡಿಪಸ್ ಮಾಡಿದ ತಪ್ಪು ಯಾವುದು? ಊರಿಗೆ ಪಿಡುಗು ಬಂದಿದೆ. ಹಿಂದಿನ ದೊರೆಯನ್ನು ಕೊಂದವನು ಊರೊಳಗೇ ಇದ್ದಾನೆ, ಅವನನ್ನು ಹೊರಹಾಕಿದರೆ ಪಿಡುಗು ತೊಲಗುತ್ತದೆ ಎಂದು ದೈವವಾಣಿ ಹೇಳಿದೆ. ಜನರ ಸಂಕಟ ನೋಡಲಾರದೆ ದೊರೆ ಸತ್ಯವನ್ನು ಹುಡುಕಲು ಹೊರಟಿದ್ದಾನೆ. ಒಳ್ಳೆಯ ದೊರೆಯಾದವನು ಮಾಡಬೇಕಾದದ್ದೇ ಅದು. ನಡುವೆ ಕೈಬಿಟ್ಟಿದ್ದರೆ ಅವನು ಉಳಿಯುತ್ತಿದ್ದ, ಜನ ಸಾಯುತ್ತಿದ್ದರು.

ಪದವಿ ತರಗತಿಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕೂತಾಗ ಈ ಪ್ರಶ್ನೆಗೆ ಸಿಗುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. ಮ್ಯಾಕ್‌ಬೆತ್‌ನ ದೋಷ ಅಧಿಕಾರದಾಸೆ, ಒಥೆಲೊನ ದೋಷ ಸಂಶಯ, ಹ್ಯಾಮ್ಲೆಟ್‌ನ ದೋಷ ಮೀನಮೇಷ ಎಣಿಸುವುದು, ಈಡಿಪಸ್‌ನ ದೋಷ ಅಹಂಕಾರ. ರೋಗಿಯ ಹೆಸರಿನ ಮುಂದೆ ರೋಗದ ಹೆಸರು ಬರೆದ ಹಾಗೆ. ಮಕ್ಕಳನ್ನು ದೂರುವಂತಿಲ್ಲ. ನಾವು ಮೇಷ್ಟ್ರುಗಳು ಹಾಗೆ ಬರೆಸಿದ್ದೇವೆ, ಗೈಡುಗಳು ಹಾಗೆ ಅಚ್ಚು ಹಾಕಿವೆ, ಹಾಗೆ ಬರೆದರೆ ಅಂಕ ಬರುತ್ತದೆ. ಆದರೆ ಆ ಒಂದು ಪದವನ್ನು ಬರೆದ ಕೂಡಲೇ ನಾಟಕ ನೀತಿಕಥೆಯಾಗಿ ಕುಗ್ಗುತ್ತದೆ. ತಪ್ಪು ಮಾಡಿದ, ಶಿಕ್ಷೆ ಅನುಭವಿಸಿದ, ಮುಗಿಯಿತು. ಹಾಗಿದ್ದರೆ ನಮಗೆ ಅಳು ಬರುವುದೇಕೆ? ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ಮನೆಗೆ ಹೋಗಬೇಕಿತ್ತಲ್ಲ.

ಗೊಂದಲದ ಬೇರು ಒಂದು ಪದದಲ್ಲಿದೆ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯ 13ನೆಯ ಅಧ್ಯಾಯದಲ್ಲಿ ದುರಂತ ನಾಯಕ ಎಂಥವನಿರಬೇಕು ಎಂದು ವಿಚಾರ ಮಾಡುತ್ತಾನೆ. ತೀರ ಸಾಧುವಾದವನು ಹಾಳಾದರೆ ನೋಡುವವರಿಗೆ ಹೇಸಿಗೆಯಾಗುತ್ತದೆ, ಮರುಕ ಹುಟ್ಟುವುದಿಲ್ಲ. ದುಷ್ಟ ಹಾಳಾದರೆ ಸಮಾಧಾನವಾಗುತ್ತದೆ, ಅಲ್ಲಿಯೂ ಮರುಕವಿಲ್ಲ. ಇವರಿಬ್ಬರ ನಡುವಿನವನು, ಹೆಸರು ಮತ್ತು ಸ್ಥಾನ ಇದ್ದವನು, ಕೆಡುಕುತನದಿಂದಲ್ಲದೆ ಒಂದು ‘ಹಮಾರ್ತಿಯ’ದಿಂದ ಬೀಳಬೇಕು ಎನ್ನುತ್ತಾನೆ. ಅದಕ್ಕೆ ಅವನು ಕೊಡುವ ಉದಾಹರಣೆಗಳಲ್ಲಿ ಈಡಿಪಸ್ ಮೊದಲನೆಯವನು. ಗ್ರೀಕಿನಲ್ಲಿ ಈ ಪದ ಬಂದದ್ದು ಎಸೆದ ಈಟಿ, ಬಿಟ್ಟ ಬಾಣ ಗುರಿ ತಪ್ಪುವುದನ್ನು ಹೇಳುವ ಕ್ರಿಯಾಪದದಿಂದ. ಬಿಲ್ಲು ನೆಟ್ಟಗಿದೆ, ತೋಳಿನಲ್ಲಿ ಬಲವಿದೆ, ಉದ್ದೇಶವೂ ಸರಿಯಿದೆ, ಬಾಣ ಮಾತ್ರ ಹೋಗಬಾರದ ಕಡೆ ಹೋಗಿದೆ. ಮುಂದೆ ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇದೇ ಪದ ಪಾಪ ಎಂಬ ಅರ್ಥದಲ್ಲಿ ನೆಲೆಯೂರಿತು. ಬಿಲ್ಲುಗಾರನ ಪದ ಪಾಪನಿವೇದನೆಯ ಪದವಾಯಿತು. ನಾವು ಅದನ್ನು ‘ದೋಷ’ ಎಂದು ಕನ್ನಡಿಸಿದಾಗ ಪಾಪದ ನೆರಳೂ ಜೊತೆಗೇ ಬಂತು.

ಮತ್ತೆ ಥೀಬ್ಸ್‌ಗೆ ಹೋಗೋಣ. ಈ ನಾಟಕದಲ್ಲಿ ಅನಾಹುತಕ್ಕೆ ಕಾರಣರಾದವರ ಪಟ್ಟಿ ಮಾಡಿದರೆ ಒಬ್ಬ ಕೇಡಿಗನೂ ಸಿಗುವುದಿಲ್ಲ. ಕೊಲ್ಲಲೆಂದು ಕೊಟ್ಟ ಮಗುವನ್ನು ಕುರಿಗಾಹಿ ಕನಿಕರದಿಂದ ಉಳಿಸಿದ. ಗಂಡನ ಹೆದರಿಕೆ ಹೋಗಲಾಡಿಸಲು ಯೊಕಾಸ್ಟ ಸಮಾಧಾನ ಹೇಳಹೊರಟಳು. ಭವಿಷ್ಯವಾಣಿಯೆಲ್ಲ ಸುಳ್ಳು, ಹಿಂದಿನ ದೊರೆ ಲೇಯಸ್‌ನನ್ನು ಮಗ ಕೊಲ್ಲುತ್ತಾನೆ ಎಂದಿದ್ದರು, ಕೊನೆಗೆ ಮೂರು ದಾರಿ ಕೂಡುವಲ್ಲಿ ಯಾರೋ ಕಳ್ಳರು ಕೊಂದರು ಎಂದಳು. ಮೂರು ದಾರಿಯ ಮಾತು ಕಿವಿಗೆ ಬಿದ್ದದ್ದೇ ಈಡಿಪಸ್‌ನ ಎದೆ ಝಲ್ಲೆಂದಿತು, ಏಕೆಂದರೆ ಅಂಥದೇ ಜಾಗದಲ್ಲಿ ಅವನು ಒಬ್ಬ ಮುದುಕನನ್ನು ಹೊಡೆದು ಕೊಂದಿದ್ದ. ಕಾರಿಂತ್‌ನಿಂದ ಬಂದ ದೂತನದೂ ಹೀಗೆಯೇ. ಶುಭವಾರ್ತೆ ತಂದಿದ್ದೇನೆ, ಬಹುಮಾನ ಸಿಗುತ್ತದೆ ಎಂಬ ಖುಷಿಯಲ್ಲಿ ಅವನು, ನೀನು ತಂದೆಯೆಂದು ನಂಬಿದವನು ನಿನ್ನ ತಂದೆಯೇ ಅಲ್ಲ, ಹೆದರಬೇಡ ಎಂದು ಧೈರ್ಯ ತುಂಬಿದ. ಹೆದರಿಕೆ ಬಿಡಿಸಲು ಬಂದವನೇ ಎಲ್ಲವನ್ನೂ ತಲೆಕೆಳಗು ಮಾಡಿದ ಈ ಗಳಿಗೆಯನ್ನು ಅರಿಸ್ಟಾಟಲ್ ನಾಟಕದ ‘ತಿರುವು’ ಎಂದರೇನು ಎಂದು ತೋರಿಸಲು ಬಳಸಿಕೊಂಡಿದ್ದಾನೆ.

ಈಡಿಪಸ್ ಮುಂಗೋಪಿ, ನಿಜ. ಕುರುಡ ಪ್ರವಾದಿ ಟೈರೀಸಿಯಸ್‌ನ ಮೇಲೆ ಹರಿಹಾಯುತ್ತಾನೆ, ಭಾವಮೈದುನನ ಮೇಲೆ ಸಂಚಿನ ಆರೋಪ ಹೊರಿಸುತ್ತಾನೆ. ದಾರಿಯಲ್ಲಿ ಒಬ್ಬ ಕೋಲಿನಿಂದ ಹೊಡೆದನೆಂದು ಅವನನ್ನೂ ಅವನ ಜೊತೆಗಾರರನ್ನೂ ಕೊಂದದ್ದು ಸಣ್ಣ ಮಾತೇನಲ್ಲ. ಆದರೆ ನಾಟಕವನ್ನು ಮುಂದೆ ತಳ್ಳುವುದು ಈ ಕೋಪವಲ್ಲ, ಅವನ ಬುದ್ಧಿ. ಸ್ಫಿಂಕ್ಸ್‌ನ ಒಗಟನ್ನು ಯಾರೂ ಬಿಡಿಸಲಾರದಿದ್ದಾಗ ಬಿಡಿಸಿ ಊರನ್ನು ಉಳಿಸಿದ್ದು ಅದೇ ಬುದ್ಧಿ. ಸಿಂಹಾಸನ ತಂದುಕೊಟ್ಟದ್ದೂ ಅದೇ. ಒಗಟು ಕಂಡರೆ ಬಿಡಿಸದೆ ಇರಲಾರದ ಆ ಮನಸ್ಸು ಕೊನೆಗೆ ಕೈಹಾಕಿದ ಒಗಟು ತನ್ನ ಹುಟ್ಟಿನದು. ಲಂಕೇಶರು ಕನ್ನಡಕ್ಕೆ ತಂದ ಈಡಿಪಸ್‌ನನ್ನು 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಆಡಿಸಿದರು. ಆ ಪ್ರಯೋಗ ಇವತ್ತಿಗೂ ನಮ್ಮ ರಂಗಭೂಮಿಯ ನೆನಪಿನಲ್ಲಿ ಉಳಿದಿದೆ.

ಷೇಕ್ಸ್‌ಪಿಯರ್ ನಾಟಕಗಳ ಪಾಠ ನಮ್ಮ ಕಾಲೇಜುಗಳಲ್ಲಿ ಬಹುಕಾಲ ನಡೆದದ್ದು ಎ.ಸಿ. ಬ್ರ್ಯಾಡ್ಲಿಯ ನೆರಳಿನಲ್ಲಿ. ಅವನ ಪ್ರಸಿದ್ಧ ಉಪನ್ಯಾಸಗಳ ಪುಸ್ತಕ ಬಂದದ್ದು 1904ರಲ್ಲಿ. ‘ದೋಷ’ದ ಪಟ್ಟಿಯನ್ನು ಅವನ ಹೆಸರಿಗೇ ಅಂಟಿಸುವುದುಂಟು. ಆದರೆ ನಾಯಕನನ್ನು ಕೊಲ್ಲುವ ಗುಣವೇ ಅವನ ಹಿರಿಮೆಯೂ ಹೌದು ಎಂದು ಬ್ರ್ಯಾಡ್ಲಿ ಹೇಳಿದ್ದ. ನಾವು ಆ ವಾಕ್ಯದ ಅರ್ಧವನ್ನು ಇಟ್ಟುಕೊಂಡು ಉಳಿದರ್ಧವನ್ನು ಕೈಬಿಟ್ಟೆವು.

ಒಥೆಲೊನ ಕರವಸ್ತ್ರದ ಪ್ರಸಂಗ ನೋಡಿ. ಒಮ್ಮೆ ಒಬ್ಬ ವಿದ್ಯಾರ್ಥಿನಿ, ಒಥೆಲೊ ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲವೇ ಸರ್, ಎಂದಳು. ಅವನು ಕೇಳಿದ್ದಾನೆ. ಕರವಸ್ತ್ರ ಎಲ್ಲಿ, ಕಳೆದುಹೋಗಿದೆಯೇ ಎಂದು ಕೇಳುತ್ತಾನೆ. ಗಂಡನ ಮುಖದ ಉಗ್ರತೆ ಕಂಡು ಬೆದರಿದ ಡೆಸ್ಡಿಮೋನ ಕಳೆದಿಲ್ಲ ಎಂದುಬಿಡುತ್ತಾಳೆ. ಯಾವ ಮನೆಯಲ್ಲಾದರೂ ಒಬ್ಬ ಹೆಂಡತಿ ಆಡಬಹುದಾದ ಸಣ್ಣ ಸುಳ್ಳು. ಆ ಸುಳ್ಳಿನ ಹಿಂದೆ ಗೆಳೆಯನಂತೆ ನಟಿಸುವ ಇಯಾಗೊ ನಿಂತಿದ್ದಾನೆ. ಒಥೆಲೊನಿಗೆ ಸಂಶಯದ ಸ್ವಭಾವ ಇತ್ತು ಎಂದರೆ ನಾಟಕವನ್ನು ತಿರುಗಾಮುರುಗಾ ಓದಿದಂತೆ. ಅವನಿಗಿದ್ದದ್ದು ನಂಬುವ ಸ್ವಭಾವ. ರಣರಂಗದಲ್ಲಿ ಪಕ್ಕದಲ್ಲಿ ನಿಂತ ಸೈನಿಕನನ್ನು ನಂಬದೆ ಸೇನಾಪತಿಗೆ ಬದುಕಿಲ್ಲ. ಹಾಗೆ ನಂಬಿ, ಯಾವುದನ್ನೂ ಅರೆಮನಸ್ಸಿನಿಂದ ಮಾಡದೆ ಅವನು ಮೇಲೆ ಬಂದ. ಮನೆಯೊಳಗೂ ಪಕ್ಕದಲ್ಲಿದ್ದ ಸೈನಿಕನನ್ನೇ ನಂಬಿದ. ಮ್ಯಾಕ್‌ಬೆತ್‌ನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದೊರೆಗಾಗಿ ಕತ್ತಿ ಬೀಸಿ ಶತ್ರುಗಳನ್ನು ಸೀಳಿದವನೆಂದು ನಾಟಕದ ಮೊದಲಲ್ಲೇ ಹೊಗಳಿಸಿಕೊಂಡವನು, ಅದೇ ತೋಳಿನಿಂದ ದೊರೆಯನ್ನು ಇರಿಯುತ್ತಾನೆ.

ದುರಂತವನ್ನು ದುರಂತವಾಗಿಯೇ ಒಪ್ಪಿಕೊಳ್ಳಲು ಕನ್ನಡ ನಾಟಕಕ್ಕೆ ಕಾಲ ಹಿಡಿಯಿತು. ಆನಂದರಾಯರು 1889ರಲ್ಲಿ ರೋಮಿಯೊ ಜೂಲಿಯೆಟ್ ಕಥೆಯನ್ನು ‘ರಾಮವರ್ಮ ಲೀಲಾವತಿ’ಯಾಗಿ ತಂದಾಗ ಕೊನೆಯಲ್ಲಿ ವಿಷ್ಣುವಿನ ಕೃಪೆಯಿಂದ ಪ್ರೇಮಿಗಳನ್ನು ಬದುಕಿಸಿದರು. ಸಂಸ್ಕೃತ ನಾಟಕದ ಪದ್ಧತಿಯೂ ಅದಕ್ಕೆ ಒತ್ತಾಸೆಯಾಗಿತ್ತು, ರಂಗದ ಮೇಲೆ ಸಾವು ತೋರಿಸಬಾರದೆಂಬ ಕಟ್ಟು ಅಲ್ಲಿತ್ತು. ಅದನ್ನು ಮೀರಿದ್ದು ಭಾಸನ ‘ಊರುಭಂಗ’. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಪುಟ್ಟ ಮಗ ದುರ್ಜಯ ಬಂದು, ಎಂದಿನಂತೆ ಅಪ್ಪನ ತೊಡೆಯೇರಲು ಹೋಗುತ್ತಾನೆ. ಅಪ್ಪ ಬೇಡವೆನ್ನಬೇಕಾಗುತ್ತದೆ. ಆ ಒಂದು ನಿಮಿಷಕ್ಕೆ ಸಾಟಿಯಾದದ್ದು ಲೋಕದ ನಾಟಕಗಳಲ್ಲೇ ಕಡಮೆ.

ಕನ್ನಡಿಗರಿಗೆ ಈ ದಾರಿ ತೆರೆದವರು ಬಿ.ಎಂ. ಶ್ರೀಕಂಠಯ್ಯನವರು. ಅವರು 1929ರಲ್ಲಿ ಸಾಫೊಕ್ಲೀಸನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಸಿದರು. ಚಿರಂಜೀವಿಯೆಂದು ಪುರಾಣ ಹೇಳುವ ಅಶ್ವತ್ಥಾಮನನ್ನು ಸಾಯಿಸಿದರೆಂಬ ಆಕ್ಷೇಪ ಅವರ ಮೇಲೆ ಬಂತು. ಇದಕ್ಕೂ ಮೂರು ವರ್ಷ ಮೊದಲೇ, 1926ರಲ್ಲಿ, ಅವರು ರನ್ನನ ಕಾವ್ಯದ ಪದ್ಯಗಳನ್ನೇ ಆಯ್ದು ಜೋಡಿಸಿ ‘ಗದಾಯುದ್ಧ ನಾಟಕಂ’ ಕಟ್ಟಿದ್ದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರಿಗೆ ಗ್ರೀಕರಲ್ಲಿ ಕಂಡದ್ದು ಸಾವಿರ ವರ್ಷದ ಹಿಂದಿನ ಮುಧೋಳದ ಕವಿಯಲ್ಲೂ ಕಂಡಿತ್ತು.

ರನ್ನನ ಕಾವ್ಯಕ್ಕೆ ನಾಯಕ ಭೀಮ, ಅವನ ಹೆಸರಿನಲ್ಲಿ ಕವಿ ಹೊಗಳಿದ್ದು ತನ್ನ ಒಡೆಯ ಚಾಲುಕ್ಯ ಸತ್ಯಾಶ್ರಯನನ್ನು. ಓದುಗರ ಮನಸ್ಸು ಮಾತ್ರ ದುರ್ಯೋಧನನ ಹಿಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಅವನು ಸಂಜಯನ ತೋಳು ಹಿಡಿದು ರಣಭೂಮಿಯಲ್ಲಿ ನಡೆಯುತ್ತಾನೆ. ನೆತ್ತರ ಕೆಸರಿನಲ್ಲಿ ಕಾಲು ಜಾರುತ್ತದೆ, ಆನೆಗಳ ಹೆಣ ಅಡ್ಡ ಬರುತ್ತವೆ. ದ್ರೋಣ, ದುಶ್ಶಾಸನ, ಕರ್ಣ, ಸ್ವಂತ ಮಗ ಲಕ್ಷಣಕುಮಾರ, ಒಬ್ಬೊಬ್ಬರ ಹೆಣದ ಮುಂದೆಯೂ ನಿಂತು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ. ಆ ಹುಡುಗನ ಶೌರ್ಯಕ್ಕೆ ಕೈಮುಗಿದು, ತನಗೂ ಇಂಥ ಸಾವು ಬರಲಿ ಎಂದು ಬಯಸುತ್ತಾನೆ. ಸಂಧಿ ಮಾಡಿಕೋ ಎಂದು ಭೀಷ್ಮರು ಹೇಳಿದರೂ ಒಪ್ಪುವುದಿಲ್ಲ. ಕರ್ಣ, ದುಶ್ಶಾಸನರಿಲ್ಲದ ರಾಜ್ಯ ಅವನಿಗೆ ಯಾಕೆ ಬೇಕು? ಭೀಷ್ಮರ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಮೂದಲೆಗೆ ನೀರೊಳಗಿದ್ದೂ ಬೆವರಿ ಎದ್ದು ಬರುತ್ತಾನೆ. ಹೊತ್ತು ಕಳೆಯುವವರೆಗೆ ಸುಮ್ಮನೆ ಕೂತಿದ್ದರೆ ಸಾಕಿತ್ತು. ಸುಮ್ಮನೆ ಕೂರುವವನು ದುರ್ಯೋಧನನಾಗುತ್ತಿರಲಿಲ್ಲ.

ಇದಕ್ಕೆ ಕನ್ನಡದಲ್ಲಿ ಒಂದು ಪದವಿದೆ: ಛಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ಛಲ ಇರಬೇಕು ಕಣೋ ಎನ್ನುತ್ತೇವೆ. ಅಣ್ಣತಮ್ಮಂದಿರು ಅಂಗೈಯಗಲ ಜಾಗಕ್ಕೆ ಕೋರ್ಟು ಹತ್ತಿದರೆ ಇಷ್ಟು ಛಲ ಒಳ್ಳೆಯದಲ್ಲ ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಎರಡೂ ಕಡೆ ಅದೇ ಪದ, ಅದೇ ಗುಣ. ಹೊಗಳಿಕೆ ಎಲ್ಲಿ ಮುಗಿದು ಬೈಗುಳ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಯಕ್ಷಗಾನದ ಗದಾಪರ್ವದಲ್ಲಿ ಕೌರವನ ವೇಷಕ್ಕೆ ಬೆಳಗಿನ ಜಾವದವರೆಗೆ ಕಾದು ಕೂರುವ ಜನಕ್ಕೆ ಇದು ಯಾರೂ ಹೇಳಿಕೊಡದೆಯೇ ಗೊತ್ತಿದೆ. ಅವನು ಮಾಡಿದ ಅನ್ಯಾಯ ಅವರಿಗೆ ಮರೆತಿಲ್ಲ, ಆದರೂ ಅವನು ಕೆರೆಯಿಂದ ಏಳುವಾಗ ಮೈ ನವಿರೇಳುತ್ತದೆ. ಎಲ್ಲ ದುರಂತ ನಾಯಕರನ್ನೂ ಛಲದ ಒಂದೇ ಬುಟ್ಟಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಒಥೆಲೊನದು ಛಲವಲ್ಲ, ಕರ್ಣನದು ಋಣ. ಹುಟ್ಟಿನ ಗುಟ್ಟನ್ನು ಕೃಷ್ಣನೇ ಬಿಚ್ಚಿಟ್ಟ ಮೇಲೂ ಅನ್ನ ಹಾಕಿದವನನ್ನು ಬಿಟ್ಟುಬರಲಾರೆ ಎಂದ ಕರ್ಣನಲ್ಲಿ ದೋಷ ಯಾವುದೆಂದು ಬೆರಳಿಟ್ಟು ತೋರಿಸುವುದು ಸಾಧ್ಯವೇ?

ನಮ್ಮ ಕಾಲದ ಕನ್ನಡ ನಾಟಕದಲ್ಲಿ ಈ ವಿಷಯವನ್ನು ಅತ್ಯಂತ ಆಳವಾಗಿ ಮುಟ್ಟಿದ್ದು ಗಿರೀಶ ಕಾರ್ನಾಡರ ‘ತುಘಲಕ್’ ಎಂದು ನನ್ನ ನಂಬಿಕೆ. ಅದು ಬಂದದ್ದು 1964ರಲ್ಲಿ, ಆಗ ಕಾರ್ನಾಡರಿಗೆ ಇಪ್ಪತ್ತಾರು. ‘ತುಘಲಕ್ ದರ್ಬಾರು’ ಎಂಬುದು ನಮ್ಮಲ್ಲಿ ಬೈಗುಳದ ಮಾತು, ಹುಚ್ಚು ದೊರೆಯ ಹುಚ್ಚು ಆಳ್ವಿಕೆ ಎಂದು ಅರ್ಥ. ಕಾರ್ನಾಡರು ಆ ಹುಚ್ಚಿನ ಒಳಗೆ ಹೊಕ್ಕು ನೋಡಿದರೆ ಅಲ್ಲಿ ಅಸಾಮಾನ್ಯವಾದ ಬುದ್ಧಿ ಸಿಕ್ಕಿತು.

ಮೊದಲ ದೃಶ್ಯವನ್ನು ನೆನಪಿಸಿಕೊಳ್ಳಿ. ದಿಲ್ಲಿ, 1327. ವಿಷ್ಣುಪ್ರಸಾದನೆಂಬ ಬಡ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹೂಡಿದ್ದಾನೆ. ಅಧಿಕಾರಿಗಳು ಅನ್ಯಾಯವಾಗಿ ತನ್ನ ಜಮೀನು ಕಸಿದರೆಂಬುದು ದೂರು. ಕಾಜಿ ಸುಲ್ತಾನನ ವಿರುದ್ಧ ತೀರ್ಪು ಕೊಡುತ್ತಾನೆ. ಸುಲ್ತಾನ ಜನರೆದುರು ತಲೆಬಾಗಿ, ಬ್ರಾಹ್ಮಣನಿಗೆ ಐನೂರು ಬೆಳ್ಳಿ ದೀನಾರುಗಳನ್ನೂ ಒಂದು ಸರ್ಕಾರಿ ಕೆಲಸವನ್ನೂ ಕೊಡಿಸುತ್ತಾನೆ. ಜಾತಿ ಮತ ನೋಡದ ನ್ಯಾಯ, ತನ್ನನ್ನೂ ಬಿಡದ ಕಾನೂನು. ಇದಕ್ಕಿಂತ ಒಳ್ಳೆಯ ದೊರೆ ಯಾರಿಗೆ ಬೇಕು? ಆದರೆ ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ. ಅವನು ಅಜೀಜ್ ಎಂಬ ಅಗಸ. ಸುಲ್ತಾನ ಹೊಸ ಕಾನೂನು ತಂದನೆಂದು ಕೇಳಿದ ಕೂಡಲೇ ಕಸಿದ ಜಮೀನನ್ನು ಅಗ್ಗಕ್ಕೆ ಕೊಂಡು, ಜನಿವಾರ ಹಾಕಿಕೊಂಡು ಬಂದವನು. ಸುಲ್ತಾನ ನ್ಯಾಯಕ್ಕಾಗಿ ತೆರೆದ ಬಾಗಿಲಿನಿಂದಲೇ ಮೊದಲ ಮೋಸಗಾರ ಒಳಗೆ ಬಂದ. ಇಡೀ ನಾಟಕ ಈ ದೃಶ್ಯದಲ್ಲೇ ಬೀಜವಾಗಿ ಅಡಗಿದೆ.

ಎರಡನೆಯ ದೃಶ್ಯದಲ್ಲಿ ಸುಲ್ತಾನ ಮಲತಾಯಿಗೆ ಸಂಭ್ರಮದಿಂದ ಹೇಳುತ್ತಾನೆ, ಯಾರೂ ಬಿಡಿಸಲಾರದ ಚದುರಂಗದ ಸಮಸ್ಯೆಯನ್ನು ತಾನು ಬಿಡಿಸಿದೆನೆಂದು. ಇಲ್ಲಿ ನನಗೆ ಸ್ಫಿಂಕ್ಸ್ ನೆನಪಾಗುತ್ತದೆ. ತುಘಲಕನಿಗೂ ಒಗಟು ಬಿಡಿಸುವ ಚಟ. ತನ್ನನ್ನು ಬಯಲಲ್ಲೇ ಟೀಕಿಸುವ ಶೇಖ್ ಇಮಾಮುದ್ದೀನ್ ನೋಡಲು ತನ್ನ ಹಾಗೆಯೇ ಇರುವುದು ಅವನ ಕಣ್ಣಿಗೆ ಬೀಳುತ್ತದೆ. ಅವನಿಗೆ ರಾಜನ ಉಡುಪು ತೊಡಿಸಿ, ದಂಡೆತ್ತಿ ಬರುತ್ತಿರುವ ಐನ್-ಉಲ್-ಮುಲ್ಕ್‌ನ ಬಳಿಗೆ ಸಂಧಾನಕ್ಕೆ ಕಳಿಸುತ್ತಾನೆ. ಶತ್ರುಗಳು ಇವನೇ ಸುಲ್ತಾನನೆಂದು ಶೇಖನನ್ನು ಕೊಲ್ಲುತ್ತಾರೆ. ಒಂದೇ ನಡೆಗೆ ಎರಡು ಕಾಯಿ ಹೋದವು. ಆಟವಾಗಿ ನೋಡಿದರೆ ಅದು ಬೆರಗಿನ ನಡೆ. ಜನರನ್ನು ಕಾಯಿಗಳಂತೆ ಕಾಣುವ ಅಭ್ಯಾಸ ಅಲ್ಲಿಂದ ಅವನನ್ನು ಬಿಡಲಿಲ್ಲ.

ಮುಂದಿನದೆಲ್ಲ ಅದೇ ಇಳಿಜಾರು. ಹಿಂದೂ ಮುಸಲ್ಮಾನರ ಒಗ್ಗಟ್ಟಿನ ಸಂಕೇತವಾಗಲಿ ಎಂದು ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುತ್ತಾನೆ, ದಾರಿಯಲ್ಲಿ ಜನ ಹಸಿದು ಸಾಯುತ್ತಾರೆ. ನಂಬಿಕೆಯಿದ್ದರೆ ತಾಮ್ರವೂ ಬೆಳ್ಳಿಯೇ ಎಂದು ನಾಣ್ಯ ಹೊರಡಿಸುತ್ತಾನೆ, ಮನೆಮನೆಯಲ್ಲೂ ಖೋಟಾ ನಾಣ್ಯದ ಟಂಕಸಾಲೆ ಶುರುವಾಗುತ್ತದೆ. ಐದು ಹೊತ್ತಿನ ನಮಾಜು ಕಡ್ಡಾಯ ಮಾಡಿದವನನ್ನು ನಮಾಜಿನ ಹೊತ್ತಿನಲ್ಲೇ ಕೊಲ್ಲಲು ಸಂಚು ನಡೆಯುತ್ತದೆ. ಸಂಚು ಬಯಲಾದ ಮೇಲೆ ನಮಾಜನ್ನೇ ನಿಷೇಧಿಸುತ್ತಾನೆ. ಅವನನ್ನು ನಿಜವಾಗಿ ಪ್ರೀತಿಸಿದ ಮಲತಾಯಿಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆ ಕೊಡುತ್ತಾನೆ. ಒಂದು ಕಾಲಕ್ಕೆ ಸಾದಿ ಕವಿಯ ಗುಂಗಿನಲ್ಲಿ ಗುಲಾಬಿ ತೋಟದ ಕನಸು ಕಂಡಿದ್ದ. ಈಗ ಆ ತೋಟದ ತುಂಬ ಖೋಟಾ ನಾಣ್ಯಗಳ ರಾಶಿ. ಈ ಒಂದು ಚಿತ್ರ ಸಾಕು. ತೋಟ ಬೇರೆಯಲ್ಲ, ಕನಸು ಕಂಡ ತಲೆ ಬೇರೆಯಲ್ಲ.

ಇದರ ನಡುವೆ ಅಜೀಜ್ ಏನಾದ? ನಾಟಕ ನೋಡಿದವರು ಅವನನ್ನು ನೋಡಿ ನಗುತ್ತಾರೆ, ಆಮೇಲೆ ಮರೆಯುತ್ತಾರೆ. ಅವನು ಬಡವರಿಂದ ಸುಲಿಗೆ ಮಾಡುತ್ತಾನೆ, ಖೋಟಾ ನಾಣ್ಯ ಹೊಡೆಯುತ್ತಾನೆ, ಖಲೀಫರ ವಂಶದವನನ್ನು ಕೊಂದು ಅವನ ವೇಷದಲ್ಲಿ ಸುಲ್ತಾನನಿಂದಲೇ ಸ್ವಾಗತ ಪಡೆಯುತ್ತಾನೆ. ಕೊನೆಗೆ ಸಿಕ್ಕಿಬಿದ್ದಾಗ, ನಿಮ್ಮ ಒಂದೊಂದು ಆಜ್ಞೆಯನ್ನೂ ಅರ್ಥಮಾಡಿಕೊಂಡು ಬಾಳಿದ ನಿಜವಾದ ಶಿಷ್ಯ ನಾನೇ ಎಂದು ವಾದಿಸುತ್ತಾನೆ. ಸುಲ್ತಾನ ಅವನನ್ನು ದಖ್ಖನ್ನಿನಲ್ಲಿ ಅಧಿಕಾರಿಯಾಗಿ ನೇಮಿಸುತ್ತಾನೆ. ಅಜೀಜ್ ಬೀಳುವುದಿಲ್ಲ. ಬೀಳಲು ಅವನಿಗೆ ಎತ್ತರವೇ ಇರಲಿಲ್ಲ. ಹಮಾರ್ತಿಯದ ಬಗ್ಗೆ ಯಾವ ಪಠ್ಯಪುಸ್ತಕವೂ ಹೇಳದ ಒಂದು ಮಾತನ್ನು ಕಾರ್ನಾಡರು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ತೋರಿಸಿದ್ದಾರೆ: ಗುರಿಯೇ ಇಲ್ಲದವನಿಗೆ ಗುರಿ ತಪ್ಪುವ ಭಯವೂ ಇಲ್ಲ.

ತುಘಲಕನ ಕ್ರೌರ್ಯವನ್ನು ಇದರಿಂದ ತೊಳೆದುಹಾಕಲಾಗದು. ದೌಲತಾಬಾದಿನ ದಾರಿಯಲ್ಲಿ ಸತ್ತವರಿಗೆ ಸುಲ್ತಾನನ ಆದರ್ಶದಿಂದ ಏನೂ ಸಿಗಲಿಲ್ಲ. ಮರುಕ ಬೇರೆ, ಕ್ಷಮೆ ಬೇರೆ. ನಾಟಕ ಮರುಕ ಕೇಳುತ್ತದೆ, ಕ್ಷಮೆ ಕೇಳುವುದಿಲ್ಲ. ಕೊನೆಯ ದೃಶ್ಯದಲ್ಲಿ ಇತಿಹಾಸಕಾರ ಬರನಿಯೂ ಅವನನ್ನು ಬಿಟ್ಟು ಹೋಗುತ್ತಾನೆ. ನಿದ್ದೆಯಿಲ್ಲದೆ ವರ್ಷಗಳನ್ನು ಕಳೆದ ಸುಲ್ತಾನ ಸಿಂಹಾಸನದ ಮೇಲೆಯೇ ಕಣ್ಣು ಮುಚ್ಚುತ್ತಾನೆ. ಮತ್ತೆ ಮೊಳಗಿದ ನಮಾಜಿನ ಕರೆ ಕೇಳಿ ಎಚ್ಚರಾದಾಗ ತಾನೆಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡುತ್ತಾನೆ.

ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆಯಿದೆ. ನಾಯಕನ ದುರಂತ ದೋಷವನ್ನು ಗುರುತಿಸಿ ಎಂಬ ಪ್ರಶ್ನೆಯನ್ನು ಈ ವರ್ಷದಿಂದ ಕೈಬಿಡಿ. ನಾಯಕನ ಯಾವ ಗುಣವನ್ನು ನೀವು ಮೆಚ್ಚಿದಿರಿ, ಅದು ಯಾವ ದೃಶ್ಯದಲ್ಲಿ ಅವನಿಗೇ ತಿರುಗಿ ನಿಂತಿತು ಎಂದು ಕೇಳಿ ನೋಡಿ. ಉತ್ತರ ಬರೆಯಲು ಹುಡುಗರು ಗೈಡನ್ನು ಬದಿಗಿಟ್ಟು ನಾಟಕವನ್ನೇ ಓದಬೇಕಾಗುತ್ತದೆ.